ಒಂದು ಕೆಲಸಕ್ಕೆ ಒಂದೇ ಪ್ರೋಗ್ರಾಂ

ಕಂಪ್ಯೂಟರುಗಳು ಕಾಫಿ ಚೀಲ ಸಾಗಿಸುವ ಲಾರಿಯಲ್ಲಿ ಬಂದವು. ಚಿಕ್ಕಮಗಳೂರಿನಲ್ಲಿ ನಾನು ಪಾಠ ಹೇಳುತ್ತಿದ್ದ ತರಬೇತಿ ಕೇಂದ್ರ ಮಹಡಿಯ ಮೇಲಿತ್ತು. ಒಂದೊಂದೇ ಮಾನಿಟರನ್ನು ಎದೆಗವುಚಿಕೊಂಡು ಮೆಟ್ಟಿಲು ಹತ್ತಿಸಿ ಮುಗಿಸಿದಾಗ ಎಲ್ಲರ ಬಟ್ಟೆಯೂ ಧೂಳಿನ ಬಣ್ಣಕ್ಕೆ ತಿರುಗಿತ್ತು. ಕೆಲವು, ಎಸ್ಟೇಟ್ ಆಫೀಸುಗಳಲ್ಲಿ ಹೊಸದು ಬಂದ ಮೇಲೆ ಮೂಲೆ ಸೇರಿದ್ದವು. ಕೆಲವು, ಗಣಿ ನಿಂತ ಮೇಲೆ ಕುದುರೆಮುಖದ ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದವರು ಕೊಟ್ಟುಹೋದವು. ಒಂದಷ್ಟು ಬೆಳೆಗಾರರು, ಒಂದಷ್ಟು ಮೇಷ್ಟ್ರುಗಳು ಸೇರಿ ಕಟ್ಟಿಕೊಂಡಿದ್ದ ಸಣ್ಣ ಟ್ರಸ್ಟೊಂದು ಅವನ್ನೆಲ್ಲ ರಿಪೇರಿ ಮಾಡಿಸಿ ಮೂಡಿಗೆರೆ, ಕಳಸ, ಆಲ್ದೂರು ಕಡೆಯ ಹೈಸ್ಕೂಲುಗಳಿಗೆ ಹಂಚುವುದೆಂದು ತೀರ್ಮಾನಿಸಿತ್ತು. ಅವುಗಳಿಗೆ ಹಾಕುವುದಕ್ಕೆ ಕನ್ನಡದ ಒಂದು ಲಿನಕ್ಸ್ ಸೀಡಿ ಸಿದ್ಧಪಡಿಸುವ ಕೆಲಸ ನನ್ನ ತಲೆಗೆ ಬಂತು.

ಸಿದ್ಧಪಡಿಸುವುದು ಎಂದರೆ ಹೊಸದಾಗಿ ಏನನ್ನೂ ಬರೆಯುವುದಲ್ಲ. ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಮಗೆ ಬೇಕಾದಂತೆ ಬದಲಾಯಿಸಿ ಹಂಚಬಹುದು. ಒಂದು ಸೀಡಿಯ ಜಾಗದೊಳಗೆ ಯಾವ ಪ್ರೋಗ್ರಾಂ ಇರಬೇಕು, ಯಾವುದು ಬೇಡ, ಕಂಪ್ಯೂಟರ್ ಹಾಕಿದ ಕೂಡಲೇ ಮೆನುವಿನಲ್ಲಿ ಏನು ಕಾಣಬೇಕು ಎಂದು ನಿರ್ಧರಿಸುವುದಷ್ಟೇ ನಮ್ಮ ಕೆಲಸ. ದೀಪಾವಳಿ ಕಳೆದು ಶುರು ಮಾಡಿದರೆ ಸಂಕ್ರಾಂತಿಯೊಳಗೆ ಮುಗಿದೀತು ಅಂದುಕೊಂಡಿದ್ದೆ.

ಜೊತೆಗೆ ಇದ್ದವರು ಇಬ್ಬರು. ಒಬ್ಬರು ಕುದುರೆಮುಖದ ಗಣಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ಎಂಜಿನಿಯರ್. ಸ್ವಯಂನಿವೃತ್ತಿ ತೆಗೆದುಕೊಂಡಿದ್ದರು. ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮನೆ ಬಿಟ್ಟು ಘಟ್ಟದ ಕೆಳಗೆ ಹೋಗುವವರು. ಸೀಡಿ ಕಟ್ಟುವ ಕೆಲಸ ಗೊತ್ತಿದ್ದದ್ದು ಅವರೊಬ್ಬರಿಗೇ. ಹಾಗಾಗಿ ಅವರು ಊರು ಬಿಡುವುದೇ ನಮ್ಮ ಗಡುವು. ಇನ್ನೊಬ್ಬರು ಕಳಸದ ನಿವೃತ್ತ ಕನ್ನಡ ಮೇಷ್ಟ್ರು. ನಾವೆಲ್ಲ ಒಂದೆಡೆ ಸೇರುವುದಕ್ಕೆ ಎರಡು ವರ್ಷ ಮೊದಲೇ ಅವರು, ಪತ್ರ ಬರೆಯಲು, ಲೆಕ್ಕ ಹಾಕಲು ಎಲ್ಲಕ್ಕೂ ಆಗುವ ದೊಡ್ಡ ಆಫೀಸ್ ಪ್ರೋಗ್ರಾಮನ್ನು ಸಾಲು ಸಾಲಾಗಿ ಕನ್ನಡಕ್ಕೆ ತರುತ್ತಿದ್ದರು. ಕಳಸದ ಪೇಟೆಯಲ್ಲಿ ಅವರ ತಮ್ಮನ ಪ್ರಿಂಟಿಂಗ್ ಪ್ರೆಸ್ ಇತ್ತು. ಅಲ್ಲಿನ ಕಂಪ್ಯೂಟರಿನ ಮುಂದೆ ಕೂತು, ಮದುವೆ ಕಾಗದಗಳ ಮಧ್ಯೆ ಬಿಡುವು ಸಿಕ್ಕಾಗಲೆಲ್ಲ ಮಾಡಿದ ಕೆಲಸ. "ಉಳಿಸು", "ಅಂಟಿಸು", "ಕಡತ" ಎಂದೆಲ್ಲ ಮೆನುವಿನಲ್ಲಿ ಮೊದಲ ಸಲ ನೋಡಿದಾಗ ನಾನು ಒಂದೊಂದೇ ಮೆನು ತೆರೆದು ಎಲ್ಲವನ್ನೂ ಓದಿದ್ದೆ. ಬರೆಯುವ ಭಾಗಕ್ಕೆ ಅವರು ಇಟ್ಟ ಹೆಸರು "ಬರವಣಿಗೆ". ಸೀಡಿಯಲ್ಲಿ ಅದು ಇದ್ದೇ ಇರುತ್ತದೆ ಎನ್ನುವ ಬಗ್ಗೆ ನಮ್ಮಲ್ಲಿ ಯಾರಿಗೂ ಎರಡನೇ ಯೋಚನೆ ಬಂದಿರಲಿಲ್ಲ.

ಮೊದಲ ಸಭೆಯಲ್ಲೇ ಸೀಡಿ ತುಂಬಿ ಹೋಯಿತು. ಟ್ರಸ್ಟಿನಲ್ಲಿದ್ದ ಡ್ರಾಯಿಂಗ್ ಮೇಷ್ಟ್ರೊಬ್ಬರಿಗೆ ಫೋಟೋ ತಿದ್ದುವ ದೊಡ್ಡ ಪ್ರೋಗ್ರಾಂ ಬೇಕು. ವಿಜ್ಞಾನದವರಿಗೆ ನಕ್ಷತ್ರ ತೋರಿಸುವುದು ಬೇಕು. ಇನ್ಯಾರಿಗೋ ಚೆಸ್. ಟ್ರಸ್ಟಿನ ಅಧ್ಯಕ್ಷರು ಮೂಡಿಗೆರೆ ಹತ್ತಿರದ ಪ್ಲಾಂಟರ್, ಕಾಫಿ ಹಣ್ಣು ಕೊಯ್ಲಿನ ಗಡಿಬಿಡಿಯಲ್ಲೂ ಜೀಪು ತೆಗೆದುಕೊಂಡು ಬಂದಿದ್ದರು.

"ಎಲ್ಲಾ ಹಾಕಿ ಮಾರಾಯ್ರೆ. ಹೆಂಗೂ ಪುಕ್ಕಟೆ ಸಿಗೋದಲ್ವ? ಕೊಡೋದು ಕೊಡ್ತೀವಿ, ತುಂಬಾ ಕೊಡಣ" ಎಂದರು.

ತುಂಬಾ ಕೊಡುವುದಕ್ಕೇ ಹೊರಟೆವು. ಕೆಲಸದ ಕ್ರಮ ಹೀಗಿತ್ತು: ಮೂಲ ಸೀಡಿಯಲ್ಲಿ ಅದುಮಿ ಇಟ್ಟದ್ದನ್ನು ಹಾರ್ಡ್‌ಡಿಸ್ಕಿನಲ್ಲಿ ಬಿಡಿಸಿ ಹರಡಿಕೊಳ್ಳಬೇಕು. ಬೇಡದ್ದನ್ನು ಕಿತ್ತು, ಬೇಕಾದ್ದನ್ನು ಸೇರಿಸಬೇಕು. ಕನ್ನಡದ ಫಾಂಟು, ಕೀಲಿಮಣೆಯ ವ್ಯವಸ್ಥೆ ಕೂರಿಸಬೇಕು. ಆಮೇಲೆ ಎಲ್ಲವನ್ನೂ ಮತ್ತೆ ಅದುಮಿ ಸೀಡಿಗೆ ಬರೆಯಬೇಕು. ಅದುಮುವ ಹೊತ್ತಿನಲ್ಲಿ ಕರೆಂಟು ಹೋದರೆ ಮೊದಲಿಂದ. ಸೀಡಿ ಬರೆಯುವಾಗ ಹೋದರೆ ಆ ಸೀಡಿಯೂ ಹಾಳು. ಬರೆದದ್ದು ಸರಿ ಬಂದರೂ ಹಳೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗಲೇ ತಪ್ಪು ಗೊತ್ತಾಗುವುದು. ಒಮ್ಮೆ, ಇಂಟರ್‌ನೆಟ್ಟೇ ಇಲ್ಲದ ಶಾಲೆಗಳಿಗೆ ಮೇಲ್ ಪ್ರೋಗ್ರಾಂ ಯಾಕೆಂದು ಅದನ್ನು ಕಿತ್ತೆವು. ಅದು ತನ್ನ ಜೊತೆಗೆ ಕ್ಯಾಲೆಂಡರನ್ನು ಎಳೆದುಕೊಂಡು ಹೋಯಿತು. ಕ್ಯಾಲೆಂಡರು ಗಡಿಯಾರವನ್ನೂ, ಗಡಿಯಾರ ಪರದೆಯ ಮೇಲ್ತುದಿಯ ಪಟ್ಟಿಯನ್ನೂ ಎಳೆದುಕೊಂಡು ಹೋದವು. ಹೊಸ ಸೀಡಿ ಹಾಕಿ ನೋಡಿದರೆ ಖಾಲಿ ನೀಲಿ ಪರದೆ. ಒತ್ತುವುದಕ್ಕೆ ಮೆನುವೇ ಇಲ್ಲ.

ಎಂಜಿನಿಯರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಒಂದಕ್ಕೊಂದು ಗಂಟು ಹಾಕಿ ಇಟ್ಟಿದ್ದಾರೆ ಮೇಡಂ. ಎಲ್ಲಿ ಬಿಚ್ಚಿದ್ರೆ ಎಲ್ಲಿ ಬೀಳ್ತದೆ ಹೇಳ್ಲಿಕ್ಕೆ ಬರುದಿಲ್ಲ" ಎಂದರು.

ಸಂಕ್ರಾಂತಿ ಬಂತು, ಹೋಯಿತು. ನನ್ನ ಕೇಂದ್ರದ ಪಾಠಗಳು ಹಿಂದೆ ಬಿದ್ದವು. ಊಟದ ಡಬ್ಬಿಯನ್ನು ಹಾಗೇ ಮನೆಗೆ ಒಯ್ಯುವುದು ರೂಢಿಯಾಯಿತು. ಅಂತೂ ಎಲ್ಲರಿಗೂ ಬೇಕಾದ್ದೆಲ್ಲ ಇರುವ ಒಂದು ಸೀಡಿ ಸಿದ್ಧವಾಯಿತು. ಬರೆಯುವುದಕ್ಕೇ ಅದರಲ್ಲಿ ಮೂರು ಪ್ರೋಗ್ರಾಂ ಇದ್ದವು: ಮೇಷ್ಟ್ರ ದೊಡ್ಡದು, ಮಧ್ಯಮ ಗಾತ್ರದ್ದೊಂದು, ಮತ್ತೆ ಅಕ್ಷರ ಹೊಡೆಯುವುದು ಬಿಟ್ಟು ಬೇರೇನೂ ಮಾಡದ ಸಣ್ಣದೊಂದು. ಆ ಸೀಡಿಯನ್ನು ಪರೀಕ್ಷೆಗೆಂದು, ಕೆಲವು ಕಂಪ್ಯೂಟರುಗಳನ್ನು ಮೊದಲೇ ಕಳಿಸಿದ್ದ ಕೊಟ್ಟಿಗೆಹಾರದ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ಹಾಕಿದೆವು.

ಆ ಕೋಣೆಯ ಹೊಣೆ ಗಣಿತದ ಮೇಷ್ಟ್ರೊಬ್ಬರ ಮೇಲಿತ್ತು. ಕಂಪ್ಯೂಟರ್ ಕಲಿಸು ಎಂದು ಹೇಳಿದ್ದರೇ ಹೊರತು ಅವರಿಗೆ ಯಾರೂ ಕಲಿಸಿರಲಿಲ್ಲ. ಒಂಬತ್ತನೇ ಕ್ಲಾಸಿನ ಮಕ್ಕಳು ಬಂದು ಒಂದೊಂದು ಕಂಪ್ಯೂಟರಿಗೆ ಮೂವರಂತೆ ಕೂತರು. ನಿಮ್ಮ ನಿಮ್ಮ ಹೆಸರು ಬರೆಯಿರಿ ಎಂದೆ. ಮೆನು ತೆರೆದ ಮಕ್ಕಳೆಲ್ಲ ಒಂದನ್ನೇ ಒತ್ತಿದರು. ಇಂಗ್ಲಿಷಿನ ಹೆಸರುಗಳ ನಡುವೆ ಕನ್ನಡದಲ್ಲಿ ಓದಲು ಬರುತ್ತಿದ್ದದ್ದು ಅದೊಂದೇ. ಬರವಣಿಗೆ.

ಹಾರ್ಡ್‌ಡಿಸ್ಕಿನ ಕೆಂಪು ದೀಪಗಳು ಮಿಣಮಿಣ ಅನ್ನತೊಡಗಿದವು. ಏನೂ ತೆರೆಯಲಿಲ್ಲ. ಒತ್ತಿದ್ದು ತಾಗಲಿಲ್ಲವೇನೋ ಎಂದು ಮಕ್ಕಳು ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಒತ್ತಿದಷ್ಟು ಸಲ ಆ ದೊಡ್ಡ ಪ್ರೋಗ್ರಾಂ ಇನ್ನೊಮ್ಮೆ ತೆರೆಯಲು ಹೊರಟು, ಇದ್ದ ಚೂರುಪಾರು ಮೆಮೊರಿಯೂ ಮುಗಿದು, ಮೌಸಿನ ಬಾಣವೂ ಅಲ್ಲಾಡದೆ ನಿಂತುಬಿಟ್ಟಿತು. ಎರಡು ಕಂಪ್ಯೂಟರಿನಲ್ಲಿ ಹೇಗೋ ತೆರೆಯುವ ಹೊತ್ತಿಗೆ ಲೋಡ್‌ಶೆಡ್ಡಿಂಗ್. ಪೀರಿಯಡ್ಡು ಮುಗಿಯಿತು. ಒಂದು ಅಕ್ಷರ ಬರೆದವರಿಲ್ಲ.

ಮುಂದಿನ ವಾರ ಮತ್ತೆ ಹೋಗಿ, ಮಧ್ಯಮದ್ದನ್ನು ಒತ್ತಿ ಎಂದು ನಾನೇ ತೋರಿಸಿಕೊಟ್ಟೆ. ಥಟ್ಟನೆ ತೆರೆಯಿತು. ನಿಟ್ಟುಸಿರು ಬಿಡುವುದರೊಳಗೆ ಒಬ್ಬ ಹುಡುಗಿ ತನ್ನ ಹೆಸರು ಐಶ್ವರ್ಯ ಎಂದು ಹೊಡೆದಳು. ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಡಿದವು, ಶಕಾರ ಒಂದು ಕಡೆ, ವಕಾರ ಒಂದು ಕಡೆ. ಆ ಪ್ರೋಗ್ರಾಮಿಗೆ ನಮ್ಮ ಒತ್ತು ಕೂರಿಸುವುದು ಗೊತ್ತಿರಲಿಲ್ಲ. ಹುಡುಗಿಗೆ ಅದೆಲ್ಲಿ ಗೊತ್ತು? ಅಳಿಸಿ ಮತ್ತೆ ಹೊಡೆದಳು. ಮತ್ತೆ ಅಳಿಸಿದಳು. ಕೊನೆಗೆ ಕೈ ಮಡಿಲಲ್ಲಿಟ್ಟುಕೊಂಡು, "ನಂಗೆ ಬರ್ತಿಲ್ಲ ಮಿಸ್" ಎಂದಳು.

"ನಿನ್ನ ತಪ್ಪಲ್ಲ, ಇದರ ತಪ್ಪು" ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಮಕ್ಕಳು ಹೋದ ಮೇಲೆ ಗಣಿತದ ಮೇಷ್ಟ್ರು ಬಾಗಿಲು ಹಾಕುತ್ತಾ ಹೇಳಿದರು: "ಬೇಜಾರ್ ಮಾಡ್ಕಬೇಡಿ ಮೇಡಂ. ಒಂದು ಕೆಲ್ಸಕ್ಕೆ ಮೂರು ಮೂರು ಇಟ್ಟಿದೀರಿ. ಯಾವ್ದು ಒತ್ತದು ಅಂತ ಮಕ್ಳು ಕೇಳಿದ್ರೆ ನಾನೆಂತ ಹೇಳ್ಲಿ? ನೀವಿದ್ದಾಗ್ಲೇ ಹಿಂಗೆ. ನೀವು ಬಸ್ ಹತ್ತಿದ್ಮೇಲೆ ನಾನೊಬ್ನೇ ಅಲ್ವ ಇಲ್ಲಿ?"

ಆ ಮಾತನ್ನು ಹೊತ್ತುಕೊಂಡೇ ಬಸ್ಸು ಹತ್ತಿದೆ. ಎಂಜಿನಿಯರ್ ಪಕ್ಕದಲ್ಲಿದ್ದರು. ಉತ್ತರ ಇಬ್ಬರಿಗೂ ಗೊತ್ತಿತ್ತು. ಸಣ್ಣ ಪ್ರೋಗ್ರಾಂ ಥಟ್ಟನೆ ತೆರೆಯುತ್ತಿತ್ತು. "ಸ್ವಾತಂತ್ರ್ಯ", "ಅರ್ಥಶಾಸ್ತ್ರ" ಏನೇ ಹೊಡೆದರೂ ಒತ್ತು, ಅರ್ಕಾವತ್ತು ತಮ್ಮ ಜಾಗದಲ್ಲೇ ಕೂರುತ್ತಿದ್ದವು. ಅಕ್ಷರ ದಪ್ಪ ಮಾಡಲು ಬರುವುದಿಲ್ಲ, ಅಂಕಪಟ್ಟಿಯ ಕೋಷ್ಟಕ ಹಾಕಲು ಬರುವುದಿಲ್ಲ. ಆದರೆ ಹೆಸರು ಬರೆದರೆ ಹೆಸರು ಕಾಣುತ್ತದೆ.

"ದೊಡ್ಡದನ್ನು ಮೆನುವಿನ ಕೆಳಗೆಲ್ಲಾದರೂ ಇಟ್ಟರೆ?" ಎಂದು ಕೇಳಿದೆ, ಉತ್ತರ ಗೊತ್ತಿದ್ದೂ.

"ಕನ್ನಡದಲ್ಲಿ ಉಂಟಲ್ಲ ಮೇಡಂ, ಎಲ್ಲಿಟ್ರೂ ಹುಡುಕಿ ಒತ್ತುತ್ತಾರೆ. ಒತ್ತಿದ್ರೆ ನಿಲ್ತದೆ. ಒಂದೋ ಅದನ್ನ ಪೂರ್ತಿ ತೆಗೀಬೇಕು, ಇಲ್ಲಾ ಈ ಮಿಶನ್‌ಗಳನ್ನ ಗುಜರಿಗೆ ಹಾಕ್ಬೇಕು." ಮತ್ತೆ ಸೇರಿಸಿದರು: "ಕಳಸದ ಮೇಷ್ಟ್ರಿಗೆ ನಾನು ಹೇಳ್ಲಿಕ್ಕಿಲ್ಲ. ನೀವೇ ಹೇಳ್ಬೇಕು."

ಹೇಳುವುದನ್ನು ನಾನು ಮುಂದೂಡುತ್ತಾ ಹೋದೆ. ಮೊದಲು ದೊಡ್ಡದನ್ನೇ ಹಗುರ ಮಾಡಿ ನೋಡೋಣ ಎಂದೆ. ಅದರ ಲೆಕ್ಕದ ಭಾಗ, ಚಿತ್ರದ ಭಾಗ ಕಿತ್ತು ಬರೆಯುವುದೊಂದನ್ನೇ ಉಳಿಸಿದೆವು. ಜಾಗ ಉಳಿಯಿತು, ವೇಗ ಬರಲಿಲ್ಲ. ಕಾಗುಣಿತ ನೋಡುವುದು, ತಾನಾಗಿ ತಿದ್ದುವುದು ಎಲ್ಲ ನಿಲ್ಲಿಸಿ ನೋಡಿದೆವು. ಪರದೆಯ ಅಂದಚೆಂದ ತೆಗೆದೆವು. ಪ್ರತಿ ಸಲವೂ ಹೊಸ ಸೀಡಿ, ಪ್ರತಿ ಸಲವೂ ಅದೇ ಕೆಂಪು ದೀಪ. ಫೆಬ್ರವರಿ ಮುಗಿಯುತ್ತಾ ಬಂತು. ಎಂಜಿನಿಯರ್ ಮನೆಯಲ್ಲಿ ಪಾತ್ರೆಗಳನ್ನು ಗೋಣಿಗೆ ತುಂಬಿಯಾಗಿತ್ತು. ಒಂದು ದಿನ ಅವರು ಹಾಳಾದ ಸೀಡಿಗಳನ್ನು ಜೋಡಿಸಿಡುತ್ತಾ ನನ್ನ ಮುಖ ನೋಡಿದರು. ಮರುದಿನ ಆಲ್ದೂರು, ಬಾಳೆಹೊನ್ನೂರು ಮೇಲೆ ಹೋಗುವ ಬಸ್ಸಿಗೆ ಕಳಸಕ್ಕೆ ಹೊರಟೆ.

ಮೇಷ್ಟ್ರು ಪ್ರೆಸ್ಸಿನಲ್ಲಿ ಗೃಹಪ್ರವೇಶದ ಕರೆಯೋಲೆಯೊಂದರ ಪ್ರೂಫ್ ನೋಡುತ್ತಿದ್ದರು. ಕೂತುಕೋ ಎಂದು ಸ್ಟೂಲು ತೋರಿಸಿದರು. ನಾನು ಸುತ್ತಿ ಬಳಸದೆ ಹೇಳಿದೆ. ಮಕ್ಕಳು ಅದನ್ನೇ ಒತ್ತಿದ್ದು, ಕಂಪ್ಯೂಟರ್ ನಿಂತದ್ದು, ನಾವು ಹಗುರ ಮಾಡಲು ನೋಡಿದ್ದು, ಆಗದ್ದು.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಹಂಗಾದ್ರೆ ನಾನು ಮಾಡಿದ್ದು?"

"ಬೇರೆ ಸೀಡಿಯಲ್ಲಿ ಹಾಕಿ ಕೊಡ್ತೀವಿ ಮೇಷ್ಟ್ರೆ. ಬೇಕಾದವರು ಹಾಕ್ಕೊಳ್ಳಬಹುದು."

"ಯಾರು ಹಾಕ್ಕೊಳ್ತಾರೆ?"

ಏನಾದರೂ ಸಮಾಧಾನ ಹೇಳಬಹುದಿತ್ತು. ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ. "ಯಾರೂ ಹಾಕ್ಕೊಳ್ಳೋದಿಲ್ಲ" ಎಂದೆ.

ಅವರ ತಮ್ಮ ಆಚೆ ಕಾಗದ ಕತ್ತರಿಸುತ್ತಿದ್ದವರು ಕೈ ನಿಲ್ಲಿಸಿದರು. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. "ಎರಡು ವರ್ಷ ಮಾರಾಯ್ತಿ," ಎಂದರು. "ಒಂದೊಂದು ಶಬ್ದಕ್ಕೂ ಎಷ್ಟು ಒದ್ದಾಡಿದೀನಿ ನಿಂಗೊತ್ತಾ? ಊಟಕ್ಕೆ ಕೂತಾಗ್ಲೂ ಅದೇ. ಈಗ ಬಂದು ಮಿಶನ್ ಹಳೇದು ಅಂತೀಯ. ಮೊದ್ಲೇ ಗೊತ್ತಿರ್ಲಿಲ್ವ ಮಿಶನ್ ಹಳೇದು ಅಂತ?"

"ನೀವು ಶುರು ಮಾಡಿದಾಗ ಈ ಕಂಪ್ಯೂಟರುಗಳು ಬರ್ತವೆ ಅಂತ ಯಾರಿಗೂ ಗೊತ್ತಿರ್ಲಿಲ್ಲ ಮೇಷ್ಟ್ರೆ."

ಮೇಷ್ಟ್ರು ಪ್ರೂಫನ್ನು ಮತ್ತೆ ಎಳೆದುಕೊಂಡರು. "ನೋಡ್ದೆ ನಾನು ಒಪ್ಪೋದಿಲ್ಲ. ಆ ಮಿಶನ್ ತೋರ್ಸು ನಂಗೆ."

ಶನಿವಾರ ಬೆಳಗಿನ ಶಾಲೆ. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೇ ಕೊಟ್ಟಿಗೆಹಾರಕ್ಕೆ ಬಂದಿಳಿದರು. ಎಂಜಿನಿಯರ್ ಅವರಿಗಾಗಿ ಇದ್ದುದರಲ್ಲಿ ಚೆನ್ನಾಗಿದ್ದ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿದ್ದರು. ಮೇಷ್ಟ್ರು ಕೂರಲಿಲ್ಲ.

"ಇಲ್ಲಿ ಎಲ್ಲಕ್ಕಿಂತ ಹಳೇದು ಯಾವ್ದು?"

ಗಣಿತದ ಮೇಷ್ಟ್ರು ಗೋಡೆ ಪಕ್ಕದ್ದನ್ನು ತೋರಿಸಿದರು. ಕಳಸದ ಮೇಷ್ಟ್ರು ಅಲ್ಲಿ ಕೂತಿದ್ದ ಮಕ್ಕಳ ಮಧ್ಯೆ ಜಾಗ ಮಾಡಿಸಿಕೊಂಡು ಬೆಂಚಿನ ಮೇಲೇ ಕೂತರು. ಮೆನು ತೆರೆದರು. ತಮ್ಮ ಶಬ್ದವನ್ನು ಹುಡುಕಿ ಒಮ್ಮೆ ಒತ್ತಿದರು, ಒಂದೇ ಸಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾದರು.

ಕೋಣೆಯಲ್ಲಿ ಎಲ್ಲರೂ ಕಾದೆವು. ಹಾರ್ಡ್‌ಡಿಸ್ಕು ಕರಕರ ಅನ್ನುತ್ತಿತ್ತು. ಪಕ್ಕದಲ್ಲಿದ್ದ ಮಕ್ಕಳು ಮೊದಮೊದಲು ಪರದೆ ನೋಡುತ್ತಿದ್ದವರು ಆಮೇಲೆ ಕಿಟಕಿ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ಚಿವುಟತೊಡಗಿದರು. ಮೇಷ್ಟ್ರು ಅದನ್ನೆಲ್ಲ ಗಮನಿಸುತ್ತಿದ್ದರು. ಮೂವತ್ತು ವರ್ಷ ತರಗತಿಯಲ್ಲಿ ನಿಂತವರು, ಮಕ್ಕಳ ಗಮನ ಯಾವ ಗಳಿಗೆಯಲ್ಲಿ ಕೈಬಿಟ್ಟುಹೋಗುತ್ತದೆ ಎನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊನೆಗೊಮ್ಮೆ ತೆರೆಯಿತು. ಮೇಲ್ಗಡೆ ಅವರ ಶಬ್ದಗಳು ಸಾಲಾಗಿ ಬಂದು ನಿಂತವು. ಮೇಷ್ಟ್ರು ಒಂದು ಸಾಲು ಹೊಡೆದರು. ಬೆರಳು ಮುಂದೆ ಹೋಗಿ ಅಕ್ಷರ ಹಿಂದಿನಿಂದ ಬರುತ್ತಿತ್ತು. "ಉಳಿಸು" ಒತ್ತಿದರು. ಮತ್ತೆ ಕೆಂಪು ದೀಪ. ಅದು ಉಳಿಸುವುದರೊಳಗೆ ಗಂಟೆ ಹೊಡೆಯಿತು. ಮಕ್ಕಳು ದಡಬಡ ಎದ್ದು ಹೋದರು.

ಅವರು ನಿಧಾನಕ್ಕೆ ಎದ್ದರು. ಬೆಂಚು ಹಿಂದೆ ಸರಿಸಿ, ಎಂಜಿನಿಯರ್ ಕಡೆ ತಿರುಗಿ ಒಂದೇ ಮಾತು ಹೇಳಿದರು.

"ತೆಗೀರಿ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಸರ್ಕಲ್ಲಿನ ಹೋಟೆಲಿನಲ್ಲಿ ನೀರುದೋಸೆ ತೆಗೆದುಕೊಂಡೆವು. ನನಗೆ ಕೇಳಬೇಕಾದದ್ದು ಇನ್ನೊಂದಿತ್ತು. ಅದನ್ನು ಈಗ ಕೇಳುವುದು ಎಷ್ಟು ಕಷ್ಟ ಎಂದು ಗೊತ್ತಿದ್ದೂ ಕೇಳಿದೆ. ಮಕ್ಕಳು ಕನ್ನಡದ ಹೆಸರನ್ನೇ ಹುಡುಕಿ ಒತ್ತುತ್ತಾರೆ. ಆ ಸಣ್ಣ ಪ್ರೋಗ್ರಾಮಿಗೆ "ಬರವಣಿಗೆ" ಎಂದು ಹೆಸರಿಡಬಹುದೇ?

ಎಂಜಿನಿಯರ್ ತಟ್ಟೆ ನೋಡುತ್ತಾ ಕೂತರು. ಮೇಷ್ಟ್ರು ದೋಸೆ ಮಡಚಿ ಚಟ್ನಿಗೆ ಅದ್ದಿದರು.

"ಶಬ್ದ ನಮ್ಮಪ್ಪನ ಮನೇದಾ? ಇಟ್ಕೊಳ್ಳಿ" ಎಂದರು. ದೋಸೆ ಮುಗಿಸಿ, "ಅದ್ರ ಒಳಗಿಂದು ಮಾತ್ರ ನಂಗೆ ಮಾಡು ಅನ್ಬೇಡ. ಸಾಕಾಗಿದೆ ನಂಗೆ" ಎಂದರು.

ಕೇಳುವ ಧೈರ್ಯ ನನಗೂ ಇರಲಿಲ್ಲ. ಸಣ್ಣ ಪ್ರೋಗ್ರಾಮಿನ ಮೆನುಗಳನ್ನು ನಾನೇ ಕನ್ನಡಕ್ಕೆ ತಂದೆ. ಅವರ ಶಬ್ದಗಳನ್ನೇ ಎಷ್ಟೋ ಕಡೆ ಎತ್ತಿಕೊಂಡೆ. ನನ್ನ ಸ್ವಂತದವು ಪಕ್ಕದಲ್ಲಿ ನಿಂತಾಗ ಸಪ್ಪೆ ಎನಿಸುತ್ತಿದ್ದವು. ಅಲ್ಲಿಂದ ಮುಂದಿನ ಕೆಲಸ ಬೇಗ ಬೇಗ ಸಾಗಿತು, ಯಾಕೆಂದರೆ ಈಗ ನಮ್ಮ ಹತ್ತಿರ ಒಂದು ನಿಯಮ ಇತ್ತು: ಒಂದು ಕೆಲಸಕ್ಕೆ ಒಂದೇ ಪ್ರೋಗ್ರಾಂ, ಅದು ಎಲ್ಲಕ್ಕಿಂತ ಹಳೆಯ ಕಂಪ್ಯೂಟರಿನಲ್ಲಿ ಥಟ್ಟನೆ ತೆರೆಯಬೇಕು. ಫೋಟೋ ತಿದ್ದುವ ದೊಡ್ಡ ಪ್ರೋಗ್ರಾಂ ಹೋಯಿತು, ಬಣ್ಣ ಬಳಿಯುವ ಸಣ್ಣದು ಉಳಿಯಿತು. ಹಾಡು ಕೇಳಿಸುವ ಮೂರು ಪ್ರೋಗ್ರಾಮಿನಲ್ಲಿ ಎರಡು ಹೋದವು. ನಕ್ಷತ್ರದ್ದು ಹೋಯಿತು. ವಿಜ್ಞಾನದವರು ನನ್ನೊಂದಿಗೆ ಮಾತು ಬಿಟ್ಟರು. ದೊಡ್ಡ ಆಫೀಸ್ ಪ್ರೋಗ್ರಾಮನ್ನು ಕಿತ್ತುಹಾಕುವ ಆಜ್ಞೆ ಹೊಡೆದು ಎಂಜಿನಿಯರ್ ಬೆರಳನ್ನು ಎಂಟರ್ ಕೀಲಿಯ ಮೇಲೆ ಇಟ್ಟುಕೊಂಡೇ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಒಂದೊಂದೇ ಹೆಸರು ಪರದೆಯ ಮೇಲೆ ಹರಿದುಹೋಯಿತು. ಅಷ್ಟು ದಿನದ ಕೆಲಸ ಹೋಗುವುದಕ್ಕೆ ಅಷ್ಟೊಂದು ಹೊತ್ತೇನೂ ಹಿಡಿಯಲಿಲ್ಲ.

ಸೀಡಿಯಲ್ಲಿ ಅರ್ಧದಷ್ಟು ಜಾಗ ಖಾಲಿ ಉಳಿಯಿತು. ಅಧ್ಯಕ್ಷರಿಗೆ ಅದು ಅರ್ಥವಾಗಲಿಲ್ಲ. "ಅಲ್ಲ, ಜಾಗ ಇದ್ಯಲ್ಲ, ಯಾಕೆ ಖಾಲಿ ಬಿಡ್ತೀರಿ?" ಎಂದು ಮತ್ತೆ ಮತ್ತೆ ಕೇಳಿದರು. ಕೊನೆಗೆ, ಆ ಸೀಡಿ ಹಾಕಿಕೊಂಡು ನೋಡಿದ್ದ ಗಣಿತದ ಮೇಷ್ಟ್ರೇ, "ಅದು ಹಂಗೇ ಇರ್ಲಿ ಸಾರ್. ನಂಗೆ ಈಗ ಪಾಠ ಮಾಡಕ್ಕೆ ಆಗ್ತಿದೆ" ಎಂದರು. ಅಧ್ಯಕ್ಷರು ಹಾಗೇ ಹಂಚಲು ಒಪ್ಪಿದರು.

ಎಂಜಿನಿಯರ್ ಹೋಗುವ ಹಿಂದಿನ ದಿನ ಕೊನೆಯ ಸೀಡಿ ಬರೆದು ಕೊಟ್ಟರು. ಹೇಗೆ ಕಟ್ಟುವುದೆಂದು ನನಗೆ ಪೂರ್ತಿ ಕಲಿಸಿದ್ದರು, ಆದರೂ ಅವರ ಕುರ್ಚಿಯಲ್ಲಿ ಕೂತು ಮಾಡುವುದಕ್ಕೆ ನನಗೆ ತಿಂಗಳುಗಟ್ಟಲೆ ಮನಸ್ಸು ಬರಲಿಲ್ಲ. ಜೂನಿನಲ್ಲಿ ಶಾಲೆಗಳು ತೆರೆದಾಗ ಉಳಿದ ಕಂಪ್ಯೂಟರುಗಳೂ ಹೊರಟವು. ಸಂತೋಷವಾಗಬೇಕಿತ್ತು. ನಾನು ಒಂದು ವಾರ ರಜೆ ಹಾಕಿ ಮಲಗಿದೆ.

ನಮ್ಮ ತೀರ್ಮಾನ ಎಲ್ಲರಿಗೂ ಒಗ್ಗಿತು ಎಂದೇನೂ ಅಲ್ಲ. ಆಲ್ದೂರಿನ ಹೆಡ್‌ಮಿಸ್ಟ್ರೆಸ್ ಫೋನ್ ಮಾಡಿ, "ಅಂಕಪಟ್ಟಿ ಮಾಡಕ್ಕೂ ಬರದ ಕಂಪ್ಯೂಟರ್ ಎಂತಕ್ಕೆ ಕೊಟ್ರಿ?" ಎಂದು ಬೈದರು. ಅವರು ಹೇಳಿದ್ದು ನ್ಯಾಯವೇ ಆಗಿತ್ತು. ಅವರ ಆಫೀಸಿನಲ್ಲಿದ್ದ, ಸ್ವಲ್ಪ ಹೊಸದಾದ ಒಂದು ಕಂಪ್ಯೂಟರಿಗೆ ನಾನೇ ಹೋಗಿ, ಮೇಷ್ಟ್ರಿಗೆ ಮಾತು ಕೊಟ್ಟಂತೆ ಮಾಡಿದ್ದ ಎರಡನೇ ಸೀಡಿಯಿಂದ ದೊಡ್ಡ ಪ್ರೋಗ್ರಾಂ ಹಾಕಿ ಬಂದೆ. ಆ ಸೀಡಿಯನ್ನು ಕೇಳಿದ ಶಾಲೆ ಅದೊಂದೇ. ಮೇಷ್ಟ್ರಿಗೆ ಕಾಗದ ಬರೆದು ತಿಳಿಸಿದೆ. ಉತ್ತರ ಬರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಟ್ರಸ್ಟು ಮತ್ತೊಂದಷ್ಟು ಕಂಪ್ಯೂಟರ್ ಕೊಡಿಸುವ ಮಾತೆತ್ತಿತು. ಈ ಸಲ ಹೊಸವು, ಮೆಮೊರಿ ಸಾಕಷ್ಟು ಇದ್ದವು. ದೊಡ್ಡ ಪ್ರೋಗ್ರಾಮನ್ನು ಈಗ ಧಾರಾಳವಾಗಿ ಹಾಕಬಹುದಿತ್ತು. ಆದರೆ ಅಷ್ಟರಲ್ಲಿ ಅದರ ಹೊಸ ಆವೃತ್ತಿ ಬಂದು ಮೆನುಗಳು ಅದಲುಬದಲಾಗಿದ್ದವು. ಮೇಷ್ಟ್ರ ಕನ್ನಡ ಅರ್ಧಂಬರ್ಧ ಹೊಂದುತ್ತಿತ್ತು, ಉಳಿದ ಕಡೆ ಇಂಗ್ಲಿಷು ಇಣುಕುತ್ತಿತ್ತು. ಅದನ್ನು ಸರಿಮಾಡುವವರು ನನಗೆ ಗೊತ್ತಿದ್ದಂತೆ ಒಬ್ಬರೇ. ಫೋನಿನ ಹತ್ತಿರ ಹೋಗುವುದು, ಬಿಟ್ಟು ಬರುವುದು, ಹೀಗೆ ಕೆಲವು ದಿನ ನಡೆಯಿತು. ಕೊನೆಗೆ ಪ್ರೆಸ್ಸಿನ ನಂಬರು ತಿರುಗಿಸಿದೆ. ಅವರೇ ಎತ್ತಿದರು. ವಿಷಯ ಹೇಳಿದೆ, ಒಪ್ಪಬೇಕೆಂದೇನೂ ಇಲ್ಲ ಎಂದೂ ಹೇಳಿದೆ. ಆ ಕಡೆ ಪ್ರಿಂಟಿಂಗ್ ಮಿಶನ್ನಿನ ಸದ್ದು ಕೇಳುತ್ತಿತ್ತು. ಅವರು ಯಾರಿಗೋ ಅದನ್ನು ನಿಲ್ಲಿಸಲು ಹೇಳಿದರು.

"ಮಾಡ್ತೀನೋ ಬಿಡ್ತೀನೋ ಆಮೇಲೆ ನೋಡಣ," ಎಂದರು ಮೇಷ್ಟ್ರು. "ಮೊದ್ಲು ಒಂದು ಹೊಸ ಮಿಶನ್ ಕಳಸಕ್ಕೆ ಕಳ್ಸು. ಅದ್ರಲ್ಲಿ ಹೆಂಗೆ ತೆರೀತದೆ ಅಂತ ನೋಡಿ ಹೇಳ್ತೀನಿ."